ಏಣಿಯ ಬುಡ ಹಿಡಿದವನು

ಅತ್ತೆಯ ಕೋಣೆಯ ಗೋಡೆ ಮೊದಲು ಒದ್ದೆಯಾಗಿದ್ದು ಮೂಲೆಯಲ್ಲಿ ಅಂಗೈಯಗಲ ಜಾಗ, ಅಷ್ಟೇ. ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಚಳಿ ಬಲಿಯುತ್ತ ಬಂದ ಹಾಗೆ ಆ ಒದ್ದೆ ಕೆಳಗಿಳಿದು ಮಂಚದ ತಲೆಯ ಕಡೆಗೇ ಬಂತು. ಬಣ್ಣ ಉಬ್ಬಿ, ಸಿಪ್ಪೆ ಸಿಪ್ಪೆಯಾಗಿ ದಿಂಬಿನ ಮೇಲೆ ಉದುರತೊಡಗಿತು. ಅತ್ತೆಗೆ ಕೆಮ್ಮು ಹತ್ತಿಕೊಂಡಿತು. ಅವರದು ಮೊದಲಿನಿಂದಲೂ ಚುರುಕು ನಾಲಿಗೆ. ಕೆಮ್ಮಿನ ನಡುವೆ ಬಿಡುವು ಸಿಕ್ಕಾಗಲೆಲ್ಲ ಒಂದೊಂದು ಮಾತು ಬಿಡುತ್ತಿದ್ದರು.

"ಇಬ್ಬಿಬ್ಬರು ಅಳಿಯಂದಿರು ನನಗೆ. ಒಂದು ಒಣಗಿದ ಗೋಡೆಗೆ ಮಾತ್ರ ಗತಿಯಿಲ್ಲ," ಅಂದರು ಆ ಭಾನುವಾರ ಬೆಳಿಗ್ಗೆ.

ತಮಾಷೆಗೇ ಅಂದದ್ದು. ಕಿರಿಯ ಅಳಿಯ ನಕ್ಕ. ಹಿರಿಯ ಅಳಿಯ ನಗಲಿಲ್ಲ. ತಟ್ಟೆ ಸರಿಸಿ ಎದ್ದು, ಕಿಟಕಿಯ ಗಾಜಿಗೆ ಕಟ್ಟಿದ ಆವಿಯನ್ನು ತೋಳಿನಿಂದ ಒರೆಸಿ ಹೊರಗೆ ನೋಡಿದ.

ಇಬ್ಬರೂ ಷಡ್ಡಕರು ಅನ್ನುವುದನ್ನು ಬಿಟ್ಟರೆ ಒಬ್ಬನ ಸ್ವಭಾವದ ಗಾಳಿಯೂ ಇನ್ನೊಬ್ಬನಿಗೆ ಸೋಕಿರಲಿಲ್ಲ. ಹಿರಿಯವನು ಶಾಲೆಯ ಬಸ್ ಓಡಿಸುತ್ತಿದ್ದ. ಎತ್ತರದ ಆಳು, ಗಟ್ಟಿ ಗಂಟಲು. ಮಕ್ಕಳ ಗಲಾಟೆಯ ಮೇಲೆ ಮಾತಾಡಿ ಮಾತಾಡಿ ಮನೆಯಲ್ಲೂ ಅದೇ ದನಿ. ಮಾಡಬೇಕು ಅನ್ನಿಸಿದ್ದನ್ನು ನಿಂತ ಕಾಲಲ್ಲೇ ಮಾಡಿ ಮುಗಿಸಬೇಕು. ಕಿರಿಯವನು ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಟೇಲರ್. 'ಆಗಲ್ಲ' ಅನ್ನುವ ಮಾತು ಅವನ ಗಂಟಲಿನ ತನಕ ಬಂದು ಅಲ್ಲೇ ಕೂತುಬಿಡುತ್ತಿತ್ತು. ಗಿರಾಕಿ 'ನಾಳೆಗೇ ಬೇಕು' ಅಂದರೂ ತಲೆಯಾಡಿಸುವ ಪೈಕಿ. ಭಾವನ ಮುಂದಂತೂ ಕೇಳುವುದೇ ಬೇಡ.

ನೀರು ಎಲ್ಲಿಂದ ಬರುತ್ತಿದೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸೂರಿನ ಅಂಚಿಗೆ ಉದ್ದಕ್ಕೂ ತಗಡಿನ ದೋಣಿ ಕೂರಿಸಿದ್ದರು. ಮಾಡಿನ ಮೇಲೆ ಬಿದ್ದ ನೀರು ಅದರಲ್ಲಿ ಹರಿದು ಮೂಲೆಯ ಪೈಪಿನಿಂದ ಕೆಳಗಿಳಿಯಬೇಕು. ಎಲೆ ಉದುರುವ ಕಾಲದಲ್ಲಿ ಪಕ್ಕದ ಮರದ್ದೆಲ್ಲ ಅದರೊಳಗೆ ಬಿದ್ದು ಕೊಳೆತು, ಈಗ ಚಳಿಗೆ ಹೆಪ್ಪುಗಟ್ಟಿ ಕೂತಿತ್ತು. ದಾರಿ ಸಿಗದ ನೀರು ಗೋಡೆಗಿಳಿಯುತ್ತಿತ್ತು.

"ನಾಳೆ ಆಳು ಬರ್ತಾನಂತಲ್ಲ ಭಾವ," ಅಂದ ಟೇಲರ್. "ಒಂದು ದಿನದಲ್ಲಿ ಏನಾಗತ್ತೆ?"

"ಹೋದ ವಾರಾನೂ ನಾಳೆ ಬರ್ತೀನಿ ಅಂತಲೇ ಅಂದಿದ್ದ. ಏಳಿ ಟೇಲರ್ರೇ, ಕಾಫಿ ಆರೋದ್ರೊಳಗೆ ಮುಗಿಯತ್ತೆ." ಖುಷಿಯಲ್ಲಿದ್ದಾಗ ಭಾವ ಷಡ್ಡಕನಿಗೆ ಬಹುವಚನ ಹಚ್ಚುತ್ತಿದ್ದ. ಉಳಿದ ಹೊತ್ತು ಏಕವಚನವೇ.

ಎದುರುಮನೆಯ ಪೇಂಟರ್ ಮನೆಯಲ್ಲಿರಲಿಲ್ಲ. ಅವನ ತಾಯಿ ಶೆಡ್ಡಿನ ಬೀಗ ತೆಗೆದು ಏಣಿ ಕೊಟ್ಟರು. ಅಲ್ಯೂಮಿನಿಯಂ ಏಣಿ, ಮೈತುಂಬ ಹಳೆಯ ಬಣ್ಣದ ಚುಕ್ಕೆಗಳು. ಎರಡೂ ಕಾಲಿಗೆ ಇರಬೇಕಾದ ರಬ್ಬರ್ ಒಂದಕ್ಕೆ ಮಾತ್ರ ಇತ್ತು. ಇಬ್ಬರೂ ಅದನ್ನು ಹೊತ್ತು ಹಿತ್ತಲಿಗೆ ತಂದರು. ಅದು ಚಳಿಗಾಲದಲ್ಲಿ ಬಿಸಿಲು ಮುಖ ತೋರಿಸದ ಜಾಗ. ಬಾಗಿಲಿನಿಂದ ಚರಂಡಿಯವರೆಗೆ ಸಿಮೆಂಟ್ ನೆಲ ತೆಳ್ಳಗೆ ಗಾಜು ಹಾಸಿದ ಹಾಗೆ ಹೊಳೆಯುತ್ತಿತ್ತು. ಗೋಡೆಯ ಬುಡಕ್ಕೆ ನೀರಿನ ದೊಡ್ಡ ಡ್ರಮ್ಮೊಂದು ಅಂಟಿಕೊಂಡು ನಿಂತಿತ್ತು. ಒಳಗಿನ ನೀರು ಗಡ್ಡೆ ಕಟ್ಟಿದ್ದರಿಂದ ಅಲ್ಲಾಡಲಿಲ್ಲ. ಅದನ್ನು ದಾಟಿಸಿ ಏಣಿಯ ಕಾಲು ಊರಬೇಕಾಯಿತು.

"ಏಣಿ ಮಲಗಿದ ಹಾಗಿದೆ ಭಾವ. ಬಿಸಿನೀರು ಹಾಕಿ ಡ್ರಮ್ ಸರಿಸೋಣ."

"ಅದನ್ನ ಸರಿಸ್ತಾ ಕೂತ್ರೆ ಸಂಜೆ ಆಗತ್ತೆ. ನೀನಿದ್ದೀಯಲ್ಲ ಹಿಡ್ಕೊಳ್ಳೋಕೆ."

"ನೆಲಾನೂ ಜಾರ್ತಿದೆ."

ಭಾವ ಒಂದು ಗೋಣಿಚೀಲ ತಂದು ಮಡಚಿ ರಬ್ಬರ್ ಇಲ್ಲದ ಕಾಲಿನ ಕೆಳಗೆ ತುರುಕಿದ. ಕಾಲಿನಿಂದ ಒಮ್ಮೆ ಒದ್ದು ನೋಡಿ, "ಇನ್ನೇನು ಬೇಕು," ಅಂದ. ಮೇಲ್ತುದಿಯನ್ನು ಎಲ್ಲಿಗಾದರೂ ಹಗ್ಗದಿಂದ ಕಟ್ಟಿದರೆ ಆಗುತ್ತಿತ್ತು ಅನ್ನಿಸಿತು ಟೇಲರ್‌ಗೆ. ಬಟ್ಟೆ ಒಣಹಾಕುವ ಹಗ್ಗ ಅಲ್ಲೇ ಕಣ್ಣೆದುರು ತೂಗುತ್ತಿತ್ತು. "ಮೇಲೆ ಹಗ್ಗ..." ಅಂತ ಶುರುಮಾಡಿದ. ಅಷ್ಟರಲ್ಲಿ ಭಾವ ಅವನ ಕೈಗವಸು ಕೇಳಿದ. ದೋಣಿಯೊಳಗಿನ ಕೆಸರು ಹಿಮದಂತಿರುತ್ತೆ, ಬರಿಗೈ ಹಾಕಲಾಗುವುದಿಲ್ಲ. ಟೇಲರ್ ಬಿಚ್ಚಿಕೊಟ್ಟ. ಹಗ್ಗದ ಮಾತು ಅಲ್ಲೇ ಉಳಿಯಿತು.

ಭಾವ ಹತ್ತಿದ. ಅವನ ಕಾಲು ಮೂಗಿನ ಎದುರು ಹಾದುಹೋದಾಗಲೇ ಟೇಲರ್ ಗಮನಿಸಿದ್ದು, ಕಾಲುಚೀಲದ ಮೇಲೆ ಮನೆಯೊಳಗೆ ಹಾಕುವ ಚಪ್ಪಲಿ, ತಳ ಸವೆದು ಸಪಾಟು. ಇಳಿದು ಬೂಟು ಹಾಕಿಕೊಳ್ಳಿ ಅನ್ನಬೇಕು. ಅಷ್ಟರಲ್ಲಿ ಆ ಕಾಲು ತಲೆಯಿಂದ ಮೇಲೆ ಹೋಗಿತ್ತು.

ಸ್ವಲ್ಪ ಹೊತ್ತು ಎಲ್ಲ ಚೆನ್ನಾಗೇ ನಡೆಯಿತು. ಮೇಲಿನಿಂದ ಕಪ್ಪು ಎಲೆಯ ಮುದ್ದೆಗಳು ಬಿದ್ದವು. ಒಂದು ಟೇಲರ್‌ನ ಹೆಗಲಿಗೆ, ಒಂದು ನೆತ್ತಿಗೆ.

"ಛತ್ರಿ ತಂದಿರ್ಬೇಕಿತ್ತು ಟೇಲರ್ರೇ."

"ನೀವು ಸ್ವಲ್ಪ ಆ ಕಡೆ ಎಸೀರಿ ಭಾವ. ಕೂದಲು ಮೊದಲೇ ಕಮ್ಮಿ."

"ಗೊಬ್ಬರ ಬಿದ್ರೆ ಬೆಳೆಯತ್ತೆ ಇರಿ."

ಏಣಿಯ ಲೋಹ ಟೇಲರ್‌ನ ಬರಿಗೈಯನ್ನು ಕಚ್ಚುತ್ತಿತ್ತು. ಮೊದಲು ಸುಟ್ಟ ಹಾಗೆ ಉರಿ, ಆಮೇಲೆ ನೋವು. ಒಂದೊಂದೇ ಕೈ ಬಿಟ್ಟು ಬಾಯಿಗೆ ಹಿಡಿದು ಊದಿಕೊಳ್ಳುತ್ತಿದ್ದ.

ಪೈಪಿನ ಬಾಯಿ ಇದ್ದದ್ದು ಮೂಲೆಯಲ್ಲಿ. ಏಣಿ ನಿಂತ ಕಡೆಯಿಂದ ಭಾವನ ಕೈಗೆ ಅದು ಎಟುಕುತ್ತಿರಲಿಲ್ಲ.

"ಇಳೀರಿ ಭಾವ, ಏಣಿ ಆ ಕಡೆ ಸರಿಸಿ ಹತ್ತೋಣ."

"ಇನ್ನೊಂದು ಗೇಣು ಅಷ್ಟೇ ಕಣೋ. ಬೆರಳಿಗೆ ತಾಗ್ತಾ ಇದೆ."

ಭಾವ ಒಂದು ಕಾಲನ್ನು ಗಾಳಿಗೆ ಬಿಟ್ಟು ಮೂಲೆಯ ಕಡೆ ವಾಲಿದ. ಗೋಣಿಚೀಲ ಹಲಗೆಯ ಮೇಲೆ ಸೋಪು ಜಾರಿದಷ್ಟು ಸಲೀಸಾಗಿ ಜಾರಿತು.

ಟೇಲರ್ ಯೋಚನೆ ಮಾಡಲಿಲ್ಲ. ಇಡೀ ಮೈಯನ್ನು ಏಣಿಗೆ ಕೊಟ್ಟು ಒತ್ತಿದ. ಹೆಗಲು, ಮೊಣಕಾಲು, ಕೆನ್ನೆ ಎಲ್ಲ ಅಲ್ಯೂಮಿನಿಯಮ್ಮಿಗೆ ತಾಗಿದವು. ಕಾಲು ಹಿಂದಕ್ಕೆ ಜಾರುತ್ತ ಹೋಗಿ, ಹಿಮ್ಮಡಿಗೆ ಚರಂಡಿಯ ಅಂಚು ಸಿಕ್ಕಿತು. ಏಣಿ ನಿಂತಿತು. ಮೇಲೆ ಅದರ ತಲೆ ಗೋಡೆ ಕೆರೆದುಕೊಂಡು ಕೆಳಗಿಳಿದು, ದೋಣಿ ಹೊತ್ತ ಕಬ್ಬಿಣದ ಕೊಂಡಿಗೆ ಹೇಗೋ ಸಿಕ್ಕಿಹಾಕಿಕೊಂಡಿತ್ತು. ಭಾವ ಒಂದು ಕೈಯಲ್ಲಿ ದೋಣಿ ಹಿಡಿದಿದ್ದ, ಒಂದು ಕಾಲು ಏಣಿಯ ಮೆಟ್ಟಿಲ ಮೇಲೆ.

"ಇಳೀರಿ ಭಾವ. ನಿಧಾನ."

ಮೇಲೆ ಕಾಲೊಂದು ಮೆಟ್ಟಿಲು ಹುಡುಕಿತು. ಹುಡುಕಿದ್ದಷ್ಟಕ್ಕೇ ಏಣಿ ಕೂದಲೆಳೆಯಷ್ಟು ಕದಲಿತು. ಟೇಲರ್‌ನ ಮೊಣಕಾಲಿಗೆ ಅದು ಗೊತ್ತಾಯಿತು. ಕಾಲು ಅಲ್ಲಿಗೇ ನಿಂತಿತು.

"ಅಲ್ಲಾಡಿದ್ರೆ ಹೋಗತ್ತೆ ಕಣೋ," ಅಂದ ಭಾವ. ಆ ದನಿಯಲ್ಲಿ ಬಸ್ಸಿನ ಗದ್ದಲವನ್ನು ಮೀರುವ ಗಟ್ಟಿತನ ಇರಲಿಲ್ಲ. "ಯಾರನ್ನಾದ್ರೂ ಕರಿ."

ಟೇಲರ್ ಕರೆದ. ಹೆಂಡತಿಯನ್ನು ಕರೆದ, ಭಾವನ ಹೆಂಡತಿ ದೊಡ್ಡಕ್ಕನನ್ನು ಕರೆದ, ಅತ್ತೆಯನ್ನೂ ಕರೆದ. ಏಣಿಗೆ ಕೆನ್ನೆ ಒತ್ತಿಕೊಂಡಿದ್ದರಿಂದ ದನಿ ಗೋಡೆಗೆ ಬಡಿದು ಅಲ್ಲೇ ಸತ್ತಿತು. ಭಾವನೂ ಕೂಗಿದ. ಚಳಿಗೆ ಎಲ್ಲ ಮನೆಯ ಕಿಟಕಿಗಳೂ ಬಿಗಿಯಾಗಿ ಮುಚ್ಚಿದ್ದವು, ಸಂದಿಗೆಲ್ಲ ಬಟ್ಟೆ ತುರುಕಿತ್ತು. ಒಳಗೆ ವಾಷಿಂಗ್ ಮೆಷಿನ್ ಗಡಗಡ ಅನ್ನುತ್ತಿತ್ತು, ಟಿವಿಯಲ್ಲಿ ಯಾರೋ ನಗುತ್ತಿದ್ದರು. ಕಾಂಪೌಂಡಿನ ಆಚೆ ಒಬ್ಬ ಸೈಕಲ್ಲಿನಲ್ಲಿ ಹೋದ. ಅವನ ತಲೆ ಮಾತ್ರ ಕಂಡಿತು, ಉಣ್ಣೆ ಟೋಪಿ, ಕಿವಿ ಮುಚ್ಚಿ ಸುತ್ತಿದ ಮಫ್ಲರ್. ಇಬ್ಬರೂ ಸೇರಿ ಕೂಗಿದರು. ತಲೆ ಗೋಡೆಯ ಉದ್ದಕ್ಕೂ ಸಾಗಿ ಮಾಯವಾಯಿತು.

ಆಗ ಟೇಲರ್‌ನ ಪ್ಯಾಂಟಿನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಅದು ಹೆಂಡತಿಯದೇ ಅಂತ ಅವನಿಗೆ ಗೊತ್ತು. ಚಳಿಯಲ್ಲಿ ಬಾಗಿಲು ತೆಗೆಯಲು ಸೋಮಾರಿತನ. ಒಳಗಿನಿಂದಲೇ ಫೋನು ಮಾಡಿ, ಕಾಫಿ ಬಿಸಿ ಮಾಡಲಾ ಅಂತ ಕೇಳುತ್ತಿದ್ದಾಳೆ. ಒಂದು ಕೈ ಬಿಟ್ಟರೆ ಸಾಕು, ಜೇಬಿಗೆ ಇಳಿಸಿ, ಬೆರಳು ಸರಿಸಿ, ಒಂದು ಮಾತು.

"ತಗೋಳೋ," ಅಂದ ಭಾವ.

ಟೇಲರ್ ಬಲಗೈ ಸಡಿಲಿಸಿದ. ಏಣಿ ಎಡಕ್ಕೆ ತಿರುಗಲು ನೋಡಿತು. ಮೇಲಿನಿಂದ ಒಂದು ಸದ್ದು ಬಂತು, ಉಸಿರನ್ನು ಹಿಂದಕ್ಕೆಳೆದುಕೊಂಡ ಸದ್ದು. ಅವನು ಕೈಯನ್ನು ಮತ್ತೆ ಏಣಿಗೇ ತಂದ.

"ಆಗಲ್ಲ ಭಾವ."

ಜೀವಮಾನದಲ್ಲಿ ಭಾವನಿಗೆ ಅವನು ಆ ಮಾತು ಹೇಳಿದ್ದು ಅದೇ ಮೊದಲು. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಇನ್ನೊಮ್ಮೆ ಶುರುವಾಯಿತು. ತೊಡೆಯ ಮೇಲೆ ಬೆಚ್ಚಗೆ ನಡುಗುತ್ತಿದ್ದ ಆ ಫೋನಿಗೂ ತನ್ನ ಕೈಗೂ ನಡುವೆ ಗೇಣಳತೆಯ ಬಟ್ಟೆ, ತಾನೇ ಹೊಲಿದ ಪ್ಯಾಂಟು. ಅದೂ ನಿಂತಿತು. ಈಗ ಅವಳು ಮುನಿಸಿಕೊಂಡಿರುತ್ತಾಳೆ; ಮೂರನೇ ಸಲ ಮಾಡುವುದಿಲ್ಲ.

ಏಣಿಯ ಪಕ್ಕಕ್ಕೆ ಅಂಟಿಸಿದ್ದ ಹಳದಿ ಸ್ಟಿಕ್ಕರ್ ಅವನ ಕಣ್ಣಿಗೆ ತೀರಾ ಹತ್ತಿರದಲ್ಲಿತ್ತು. ಪುಟ್ಟ ಪುಟ್ಟ ಮನುಷ್ಯರ ಚಿತ್ರ, ಕೆಲವಕ್ಕೆ ಕೆಂಪು ಕಾಟು. ಒಬ್ಬ ಪಕ್ಕಕ್ಕೆ ವಾಲಿದ್ದ, ಅವನಿಗೆ ಕಾಟು. ಒಬ್ಬನ ಏಣಿ ಒದ್ದೆ ನೆಲದ ಮೇಲಿತ್ತು, ಅವನಿಗೂ ಕಾಟು. ಒಂದು ಏಣಿ ಗೋಡೆಗೆ ಹೇಗೆ ಒರಗಬೇಕು ಅಂತ ಗೆರೆ ಎಳೆದು ತೋರಿಸಿದ್ದರು, ನೆಟ್ಟಗೆ, ತಲೆಗೆ ಹಗ್ಗ ಕಟ್ಟಿ. ಬೇರೆ ಕಡೆ ನೋಡಲು ಕತ್ತು ತಿರುಗುತ್ತಿರಲಿಲ್ಲ. ಟೇಲರ್ ಅದನ್ನೇ ನೋಡುತ್ತ ನಿಂತ.

"ಭಯ ಆಗ್ತಿದೆ ಕಣೋ," ಅಂದ ಭಾವ.

"ನಾನು ಹಿಡ್ಕೊಂಡಿದೀನಿ."

"ಬಿಡಬೇಡ."

"ಇಲ್ಲ ಭಾವ."

"ನನ್ನ ಕೈ ಸೋಲ್ತಾ ಇದೆ."

ತನ್ನ ಕೈಯ ವಿಷಯ ಟೇಲರ್ ಹೇಳಲಿಲ್ಲ. ಉರಿ ಹೋಗಿತ್ತು, ನೋವೂ ಹೋಗಿತ್ತು. ಬೆರಳುಗಳು ಏಣಿಗೆ ಸುತ್ತಿಕೊಂಡಿರುವುದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ. ಬೇರೆ ಯಾರದೋ ಬೆರಳಿನ ಹಾಗೆ ಬೆಳ್ಳಗೆ, ಮರದ ತುಂಡಿನ ಹಾಗೆ. ಹಿಡಿ ಅಂತ ಮನಸ್ಸು ಹೇಳಿದರೆ ಅವು ಕೇಳಿಸಿಕೊಂಡವೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಸೂಜಿಯ ಕಣ್ಣಿಗೆ ದಾರವನ್ನು ನೋಡದೆಯೇ ಪೋಣಿಸುವ ಬೆರಳುಗಳು ಅವು.

"ದೊಡ್ಡಕ್ಕ ಈಗ ಬಟ್ಟೆ ಒಣಹಾಕೋಕೆ ಬರ್ತಾಳೆ ಭಾವ. ಮೆಷಿನ್ ನಿಲ್ಲಲಿ. ಈಗ ನಿಲ್ಲತ್ತೆ."

"ಹೂಂ."

ಮೆಷಿನ್ ನಿಂತಿತು. ಇಬ್ಬರಿಗೂ ಅದು ಕೇಳಿಸಿತು. ಬಾಗಿಲ ಚಿಲಕ ಸದ್ದು ಮಾಡುತ್ತದೆ ಅಂತ ಇಬ್ಬರೂ ಕಾದರು. ಭಾವ "ಏ, ಇವಳೇ" ಅಂತ ಹೆಂಡತಿಯನ್ನು ಕೂಗಲು ಉಸಿರೆಳೆದುಕೊಂಡ.

ಏಣಿ ಹೋಯಿತು.

ಅದು ಹೇಗೆ ಹೋಯಿತು ಅನ್ನುವುದನ್ನು ಟೇಲರ್ ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ಆ ಜಾಗ ಖಾಲಿಯಾಗಿಯೇ ಇತ್ತು. ಒಂದು ಕ್ಷಣ ಕೆನ್ನೆಗೆ ಲೋಹ ಇತ್ತು, ಮರುಕ್ಷಣ ಇರಲಿಲ್ಲ. ತಾನು ನೆಲದ ಮೇಲಿದ್ದ, ಗಲ್ಲದಿಂದ ರಕ್ತ ಇಳಿಯುತ್ತಿತ್ತು, ಏಣಿ ಡ್ರಮ್ಮಿನ ಮೇಲೆ ಬಿದ್ದು ಇನ್ನೂ ಝಣಗುಟ್ಟುತ್ತಿತ್ತು. ಭಾವ ಕಾಲೂರಿ ಬಿದ್ದು, ಹಾಗೇ ಹಿಂದಕ್ಕೆ ಮಗುಚಿದ್ದ. ಅವನು ಕೂಗಲಿಲ್ಲ. ಬಾಯಿ ತೆರೆದು ಮುಚ್ಚುತ್ತಿದ್ದ, ಉಸಿರು ಸಿಗದವನ ಹಾಗೆ. ಕೈಯಲ್ಲಿ ಟೇಲರ್‌ನ ಕೈಗವಸು ಕೆಸರು ಮೆತ್ತಿಕೊಂಡು ಹಾಗೇ ಇತ್ತು.

ಬಾಗಿಲು ತೆರೆಯಿತು. ಟೇಲರ್‌ನ ಹೆಂಡತಿ ಎರಡು ಲೋಟ ಹಿಡಿದು ಬಂದಳು. "ಫೋನ್ ಎತ್ತೋಕೆ ಏನಾಗಿತ್ತು ನಿಮ್ಗೆ," ಅಂತ ಶುರುಮಾಡಿದವಳ ಮಾತು ಅಲ್ಲಿಗೇ ನಿಂತಿತು. ಅವಳ ಹಿಂದೆ ದೊಡ್ಡಕ್ಕ, ಒದ್ದೆ ಬಟ್ಟೆಯ ಬುಟ್ಟಿಯೊಂದಿಗೆ.

ದೊಡ್ಡಕ್ಕ ಬುಟ್ಟಿ ಎಸೆದು ಓಡಿಬಂದು ಗಂಡನ ಕಂಕುಳಿಗೆ ಕೈಹಾಕಿ ಎತ್ತಲು ನೋಡಿದಳು. "ಎತ್ತಬೇಡಿ ಅಕ್ಕ, ಬೆನ್ನಿಗೆ ಏನಾಗಿದೆಯೋ," ಅಂದ ಟೇಲರ್. ಅಷ್ಟು ಮಾತ್ರ ಅವನಿಗೆ ಗೊತ್ತಿದ್ದದ್ದು. ಆಂಬ್ಯುಲೆನ್ಸಿಗೆ ಹೇಳೋಣ ಅಂತ ಜೇಬಿನಿಂದ ಫೋನು ತೆಗೆದ. ಬೆರಳು ಒತ್ತಿದರೆ ಫೋನಿಗೆ ಗೊತ್ತೇ ಆಗುತ್ತಿರಲಿಲ್ಲ. ಒತ್ತಿದ, ಉಜ್ಜಿದ, ಇನ್ನೊಂದು ಬೆರಳು ಇಟ್ಟು ನೋಡಿದ. ಕೊನೆಗೆ ಹೆಂಡತಿ ಕಿತ್ತುಕೊಂಡು ತಾನೇ ಮಾಡಿದಳು.

ಆಂಬ್ಯುಲೆನ್ಸು ಬರುವವರೆಗೆ ಮಾಡಲು ಇನ್ನೇನೂ ಇರಲಿಲ್ಲ. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಹೊದಿಸಿದರು. ಕೆಳಗೆ ಗಡ್ಡೆ ಕಟ್ಟಿದ ನೆಲ, ಅದರ ಮೇಲೇ ಮನುಷ್ಯ. ಮೈಯಡಿ ಏನಾದರೂ ಹಾಸೋಣ ಅಂದರೆ ಎತ್ತುವ ಹಾಗಿಲ್ಲ. ಭಾವನ ಹಲ್ಲು ಕಟಕಟ ಅನ್ನುತ್ತಿತ್ತು. ಅತ್ತೆ ಒಳಗಿನಿಂದ ಕಿಟಕಿಯ ಗಾಜು ಬಡಿಯುತ್ತಿದ್ದರು, ಏನು ಕೇಳುತ್ತಿದ್ದಾರೆ ಅಂತ ಕೇಳಿಸುತ್ತಿರಲಿಲ್ಲ. ಟೇಲರ್ ಭಾವನ ತಲೆಯ ಹತ್ತಿರ ಕೂತು ಎರಡು ಕೈಯನ್ನೂ ಅವನ ಕಿವಿಗಳ ಮೇಲೆ ಇಟ್ಟುಕೊಂಡ. ಬೆಚ್ಚಗೆ ಮಾಡೋಣ ಅಂತ. ಅವನ ಕೈ ಭಾವನ ಕಿವಿಗಿಂತ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳಿದರು. ಎರಡೂ ಹಿಮ್ಮಡಿಯ ಮೂಳೆ ಪುಡಿಯಾಗಿದೆ, ಸೊಂಟದ ಮೇಲೆ ಬೆನ್ನಿನ ಒಂದು ಮೂಳೆ ಕುಸಿದಿದೆ. ನಡೆಯುತ್ತಾರೆ, ಯಾವಾಗ ಅಂತ ಹೇಳಲಾಗುವುದಿಲ್ಲ. ಬಸ್ಸು? ಡಾಕ್ಟರು ಆ ಪ್ರಶ್ನೆಗೆ ಕನ್ನಡಕ ತೆಗೆದು ಒರೆಸಿಕೊಂಡರು. ಬ್ರೇಕು ಒತ್ತುವ ಕಾಲು ಅದು, ಅಂದರು.

"ಚಳಿ ಶುರುವಾದ್ರೆ ಈ ವಾರ್ಡು ತುಂಬೋದೇ ಹೀಗೆ," ಅಂದಳು ನರ್ಸು, ಟೇಲರ್‌ನ ಗಲ್ಲಕ್ಕೆ ಹೊಲಿಗೆ ಹಾಕುವಾಗ. ಬೈಯುವ ದನಿಯಲ್ಲ, ದಣಿದ ದನಿ. "ಆ ಮೂಲೆಯವರು ಬಲ್ಬ್ ಹಾಕೋಕೆ ಹತ್ತಿದ್ದು. ಅವರ ಪಕ್ಕದವರು ಹೊಗೆಗೂಡು ಗುಡಿಸೋಕೆ."

ಕಾರಿಡಾರಿನ ಬೆಂಚಿನ ಮೇಲೆ ದೊಡ್ಡಕ್ಕ ಒಬ್ಬಳೇ ಕೂತಿದ್ದಳು. ಟೇಲರ್ ಪಕ್ಕದಲ್ಲಿ ಕೂತ. ಅವಳು ನೆಲ ನೋಡುತ್ತಲೇ ಮಾತಾಡಿದಳು.

"ಆ ನೀರು ಚೆಲ್ಲಿದ್ದು ನಾನು. ಬೆಳಿಗ್ಗೆ ನೆಲ ಒರೆಸಿದ ಬಕೆಟ್ಟು. ದಿನಾ ಚರಂಡಿ ತನಕ ಹೋಗಿ ಚೆಲ್ತೀನಿ. ಇವತ್ತು ಚಳಿ ಅಂತ ಬಾಗಿಲಲ್ಲೇ ನಿಂತು ಎಸೆದೆ."

ಅವನು ಬೆರಳುಗಳನ್ನು ಉಜ್ಜಿಕೊಂಡ. ಹಾಗಲ್ಲ ಅಕ್ಕ, ಅಂತ ಹೇಳಬೇಕು. ಅದು ನೀರಿನಿಂದ ಆದದ್ದಲ್ಲ, ಹೇಗಾಯಿತು ಅಂತ ನನಗೆ ಗೊತ್ತು, ಅನ್ನಬೇಕು. ಗೊತ್ತಿದ್ದರೆ ತಾನೇ? ಬೆರಳುಗಳಿಗೆ ಜೀವ ಬಂದು ಈಗ ಒಂದೊಂದೂ ಚುಚ್ಚುತ್ತಿತ್ತು.

"ನಿಮ್ಮಿಂದ ಅಲ್ಲ ಅಕ್ಕ," ಅಂದ ಕೊನೆಗೆ. ಅವಳು ತಲೆ ಎತ್ತಲಿಲ್ಲ.

ಮರುದಿನ ಆಳು ಬಂದ. ಸದ್ಯ ಈ ಸಲ ಬಂದ. ಡ್ರಮ್ಮನ್ನು ಅವನೂ ಅವನ ಜೊತೆಯವನೂ ಸೇರಿ ಉರುಳಿಸಿದರು, ನೆಲಕ್ಕೆ ಮರಳು ಹಾಕಿದರು, ಹಗ್ಗ ಕಟ್ಟಿಕೊಂಡು ಹತ್ತಿ ದೋಣಿ ತೊಳೆದು ಹೋದರು. ನೋಡಲು ಯಾರೂ ಹಿತ್ತಲಿಗೆ ಬರಲಿಲ್ಲ. ಅತ್ತೆ ಮಾತ್ರ ಕಿರಿಯ ಅಳಿಯ ಕೋಣೆಗೆ ಬಂದಾಗ, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು, "ನೀವು ಕೂಗಿದ್ದು ನನಗೆ ಕೇಳ್ಸಿತ್ತು. ಅವನ ಗಂಟಲು ಯಾವಾಗಲೂ ಹಾಗೇ ಅಲ್ವಾ. ನೀವಿಬ್ರೂ ತಮಾಷೆ ಮಾಡ್ಕೊಂಡು ಕೆಲಸ ಮಾಡ್ತಿದ್ದೀರಿ ಅಂದ್ಕೊಂಡೆ." ಆಮೇಲೆ ಕೆಮ್ಮು ಬಂತು.

ಭಾವನನ್ನು ಮನೆಗೆ ಕರೆತಂದದ್ದು ಚಳಿ ಇಳಿಯುವ ಹೊತ್ತಿಗೆ. ನಡುಮನೆಯಲ್ಲೇ ಮಂಚ ಹಾಕಿದರು. ಎರಡೂ ಕಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್, ಅದರ ಮೇಲೆ ಯಾವ ಪ್ಯಾಂಟೂ ಏರುತ್ತಿರಲಿಲ್ಲ. ಟೇಲರ್ ಒಂದು ಸಂಜೆ ಅಂಗಡಿ ಬೇಗ ಮುಚ್ಚಿ ಬಂದು, ಭಾವನ ಪ್ಯಾಂಟುಗಳ ಪಕ್ಕದ ಹೊಲಿಗೆಯನ್ನು ಸೊಂಟದ ತನಕ ಬಿಚ್ಚಿ, ಉದ್ದಕ್ಕೂ ವೆಲ್ಕ್ರೋ ಅಂಟುಪಟ್ಟಿ ಹೊಲಿಯುತ್ತ ಕೂತ. ಸೊಂಟದ ಅಳತೆ ತೆಗೆಯುವಾಗ ಟೇಪು ಮೊದಲಿನ ಗುರುತಿಗಿಂತ ಬಹಳ ಒಳಗೆ ಬಂತು. ಅವನು ಅದನ್ನು ಹೇಳಲಿಲ್ಲ.

ಮನೆಯಲ್ಲಿ ಬೇರೆ ಯಾರೂ ಹತ್ತಿರ ಇರಲಿಲ್ಲ. ಭಾವ ತುಂಬ ಹೊತ್ತು ಅವನ ಸೂಜಿಯನ್ನೇ ನೋಡುತ್ತಿದ್ದ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ."

"ಕೇಳಿ ಭಾವ."

"ನೀನು ಬಿಟ್ಟೆಯೇನೋ?"

ಈ ಪ್ರಶ್ನೆಗೆ ಟೇಲರ್ ಅಂದಿನಿಂದಲೂ ಕಾದಿದ್ದ. ಅಂಗಡಿಯಲ್ಲಿ, ಬಚ್ಚಲಲ್ಲಿ, ನಿದ್ದೆ ಬರದೆ ಮಲಗಿದಲ್ಲಿ ಇದಕ್ಕೆ ಉತ್ತರ ಕಟ್ಟಿ ಕಟ್ಟಿ ಕೆಡವಿದ್ದ. ಇಲ್ಲ ಅನ್ನಬಹುದಿತ್ತು. ಹೌದು ಅಂದಿದ್ದರೆ ಇನ್ನೂ ಸುಲಭವಾಗುತ್ತಿತ್ತೇನೋ, ಒಂದು ಕಡೆಗಾದರೂ ಬಂದು ನಿಲ್ಲುತ್ತಿತ್ತು.

"ಗೊತ್ತಿಲ್ಲ ಭಾವ. ಕೈಗೆ ಏನೂ ಗೊತ್ತಾಗ್ತಿರಲಿಲ್ಲ."

ಭಾವ ಸೂರಿನ ಕಡೆ ತಿರುಗಿದ. ಸಿಟ್ಟು ಬರುತ್ತದೆ ಅಂದುಕೊಂಡ ಟೇಲರ್. ಬಂದಿದ್ದರೆ ಚೆನ್ನಾಗಿತ್ತು.

"ನನಗೂ ಗೊತ್ತಿಲ್ಲ ಕಣೋ," ಅಂದ ಭಾವ. "ನಾನು ಮೊದಲು ದೋಣಿ ಬಿಟ್ಟೆನೋ, ಏಣಿ ಮೊದಲು ಹೋಯ್ತೋ. ಅವಳನ್ನ ಕೂಗೋಣ ಅಂತ ಉಸಿರೆಳೆದುಕೊಂಡದ್ದು ನೆನಪಿದೆ. ಅದಾದ ಮೇಲೆ ಇಲ್ಲ."

ಆಮೇಲೆ ಅವನೇ ಹೇಳಿದ, "ನನ್ನ ಬಸ್ಸು ಬೇರೆಯವನಿಗೆ ಕೊಟ್ಟಿದ್ದಾರಂತೆ. ಒಳ್ಳೆಯವನೇ. ತಿರುವಿನಲ್ಲಿ ಸ್ವಲ್ಪ ಜೋರು."

ಟೇಲರ್ ಸೂಜಿಗೆ ಬಗ್ಗಿದ. ಅಂಟುಪಟ್ಟಿಯ ಕೊನೆಯ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಪ್ಯಾಂಟನ್ನು ಕೊಡವಿ ಭಾವನ ಹೊಟ್ಟೆಯ ಮೇಲೆ ಹರಡಿದ.

"ನೋಡಿ ಭಾವ, ಆಗತ್ತಾ?"

ಭಾವ ಪಟ್ಟಿಯನ್ನು ಒಮ್ಮೆ ಬಿಡಿಸಿದ, ಮತ್ತೆ ಅಂಟಿಸಿದ. ತಾನೇ ಹಾಕಿಕೊಳ್ಳಲು ನೋಡಿದ. ಬೆನ್ನು ಬಾಗದೆ ಕೈ ಮೊಣಕಾಲಿನ ಹತ್ತಿರಕ್ಕೇ ನಿಂತಿತು. ಮತ್ತೊಮ್ಮೆ ನೋಡಿದ. ಆಮೇಲೆ ದಿಂಬಿಗೆ ತಲೆ ಹಾಕಿ ಕಣ್ಣು ಮುಚ್ಚಿಕೊಂಡ.

"ನೀನೇ ಹಾಕಿಬಿಡೋ," ಅಂದ.